ಫಿನಾಯಿಲಮ್ಮನ ಮನೆಯಲ್ಲಿ ಬೆಳೆದ ತೊಗಲು

ಫಿನಾಯಿಲಮ್ಮ ಯಾರ ಮನೆಗೆ ಹೋದರೂ ಕೂರುವ ಮೊದಲು ಕುರ್ಚಿಯ ಅಂಚಿನ ಮೇಲೆ ಬೆರಳೆಳೆದು ನೋಡುತ್ತಿದ್ದಳು. ಬೆರಳಿಗೆ ಧೂಳು ಹತ್ತಿದರೆ ಮನೆಯವರ ಮುಖವನ್ನೊಮ್ಮೆ ನೋಡಿ, ನಿಂತುಕೊಂಡೇ ಬಂದ ಕೆಲಸ ಮುಗಿಸಿ ಹೊರಟುಬಿಡುತ್ತಿದ್ದಳು. ಹೀಗಾಗಿ ಅವಳನ್ನು ಮನೆಗೆ ಕರೆಯುವವರು ಕಡಿಮೆ. ಒಮ್ಮೆ ಕರೆದವರು ಮತ್ತೆ ಕರೆಯುತ್ತಿರಲಿಲ್ಲ. ಅದರಿಂದ ಅವಳಿಗೆ ಬೇಸರವಾದದ್ದನ್ನು ಯಾರೂ ಕಂಡಿಲ್ಲ.

ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿ ಸೇರಿದವಳು ಕೂದಲು ಬೆಳ್ಳಗಾಗುವ ತನಕ ಅಲ್ಲೇ ಇದ್ದಳು. ನೆಲ ಒರೆಸುವುದು, ಮಂಚದ ಕಂಬಿ ಉಜ್ಜುವುದು, ರಕ್ತದ ಬಟ್ಟೆ ನೆನೆಹಾಕುವುದು, ತೊಟ್ಟಿಲು ತೊಳೆಯುವುದು. ಅವಳು ಬರುವುದಕ್ಕೆ ಮೊದಲೇ ಅವಳ ವಾಸನೆ ವಾರ್ಡಿಗೆ ಬರುತ್ತಿತ್ತು. ಹಾಗಾಗಿ ನರ್ಸುಗಳು ಇಟ್ಟ ಹೆಸರು ಅದು. ಚುಚ್ಚಲು ಇಟ್ಟ ಹೆಸರನ್ನು ಅವಳು ಪದಕದಂತೆ ಧರಿಸಿಕೊಂಡಳು. "ಹೌದು, ಫಿನಾಯಿಲೇ. ನಾನಿಲ್ಲದಿದ್ರೆ ನೀವೆಲ್ಲ ಹುಳ ಬಿದ್ದು ಸಾಯ್ತಿದ್ರಿ," ಎಂದು ಡಾಕ್ಟರ ಮುಂದೆಯೇ ಹೇಳುತ್ತಿದ್ದಳು. ಬೆರಳ ಸಂದುಗಳಲ್ಲಿ ಅವಳ ಚರ್ಮ ಸದಾ ಬಿರಿದಿರುತ್ತಿತ್ತು.

ಅವಳ ನಡುವಯಸ್ಸಿನಲ್ಲಿ ಆ ಆಸ್ಪತ್ರೆಯ ಎಳೆಮಕ್ಕಳ ಕೋಣೆಯಲ್ಲಿ ಸೋಂಕು ಹಬ್ಬಿತು. ಹೊಕ್ಕುಳ ಕೀವಾಗಿ, ಜ್ವರ ಬಂದು, ಒಂದು ಮಗು ಉಳಿಯಲಿಲ್ಲ. ವಿಚಾರಣೆ ನಡೆಯಿತು. ದೊಡ್ಡವರೆಲ್ಲ ಮೇಜಿನ ಆ ಕಡೆ ಕೂತರು, ಈ ಕಡೆ ಅವಳೊಬ್ಬಳನ್ನು ನಿಲ್ಲಿಸಿದರು. ಕೋಣೆ ತೊಳೆಯುವವಳು ಅವಳು, ಆದ್ದರಿಂದ ತಪ್ಪು ಅವಳದು. ಅವಳನ್ನು ಕೆಲಸದಿಂದ ಹೊರಗಿಟ್ಟರು. ಸತ್ತ ಮಗುವಿನ ಅಜ್ಜಿ ಬೀದಿಗೇ ಬಂದು, ಅವಳ ಬಾಗಿಲ ಮುಂದೆ ನಿಂತು ಶಾಪ ಹಾಕಿ ಹೋದಳು. ಎಷ್ಟೋ ದಿನಗಳ ನಂತರ, ಮಕ್ಕಳಿಗೆ ಸ್ನಾನ ಮಾಡಿಸುವ ನೀರಿನ ಕೊಳವೆಯೊಳಗೇ ಕೊಳೆ ಕಟ್ಟಿಕೊಂಡಿದ್ದು ಗೊತ್ತಾಯಿತು. ಆ ಕೊಳವೆಯನ್ನು ಬಿಚ್ಚಿ ನೋಡುವ ಕೆಲಸ ಅವಳದಾಗಿರಲಿಲ್ಲ. ಅವಳನ್ನು ಮತ್ತೆ ಕರೆಸಿಕೊಂಡರು. ತಪ್ಪಾಯಿತು ಎಂದು ಮಾತ್ರ ಯಾರೂ ಹೇಳಲಿಲ್ಲ. ಮೇಟ್ರನ್ ಅವಳ ಕೈಗೆ ಹೊಸ ಮಾಪು ಕೊಟ್ಟು, "ಹೋಗು, ಕೆಲಸ ನೋಡು," ಅಂದಳು.

ಅದನ್ನೂ ಅವಳು ನುಂಗಿಕೊಂಡಳು. ನುಂಗಲಾಗದೆ ಉಳಿದದ್ದು ಮನೆಯ ಮಾತು. ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದ ಆ ದಿನಗಳಲ್ಲಿ ಅವಳ ತಂಗಿ, ಆಗಿನ್ನೂ ಮದುವೆಯಾಗದ ಹುಡುಗಿ, ತಲೆ ಬಾಚಿಕೊಳ್ಳುತ್ತಾ ಹೇಳಿದ್ದಳು: "ಎಲ್ಲೋ ಒಂದು ಮೂಲೆ ಬಿಟ್ಟಿರ್ತೀಯ ಬಿಡಕ್ಕ. ಮನುಷ್ಯರು ತಾನೆ." ತಂಗಿ ಅದನ್ನು ಸಮಾಧಾನಕ್ಕೆಂದೇ ಹೇಳಿದ್ದಿರಬಹುದು. ಅಕ್ಕನಿಗೆ ಅದು ಹಾಗೆ ಕೇಳಿಸಲಿಲ್ಲ.

ಈ ತಂಗಿ ಐವತ್ತರ ಹತ್ತಿರ ಬಂದಾಗ ಮನೆಗೆ ಮರಳಿದಳು. ಚೀಲ ಹೊಲಿಯುವ ಕಾರ್ಖಾನೆಯಲ್ಲಿ ಅವಳಿಗೆ ಒಳ್ಳೆಯ ಕೆಲಸವಿತ್ತು, ಕೈಯೂ ಚುರುಕು. ಕಾರ್ಖಾನೆ ಬಾಗಿಲು ಹಾಕಿತು. ಅದೇ ಹೊತ್ತಿಗೆ ಗಂಡ ಅನ್ನಿಸಿಕೊಂಡವನು ಇನ್ನೊಂದು ಸಂಸಾರ ಹೂಡಿದ್ದು ಬಯಲಾಯಿತು. ಅಪ್ಪ ಮನೆಯನ್ನು ಇಬ್ಬರು ಹೆಣ್ಣುಮಕ್ಕಳ ಹೆಸರಿಗೂ ಬರೆದಿದ್ದರಿಂದ ಅಕ್ಕ ಬೇಡವೆನ್ನುವಂತಿರಲಿಲ್ಲ. ತಂಗಿ ಒಂದು ಹೊಲಿಗೆ ಯಂತ್ರ, ಎರಡು ಸೂಟ್‌ಕೇಸು, ಮಡಿಲಲ್ಲಿ ಬಟ್ಟೆ ಸುತ್ತಿದ ಒಂದು ಗಾಜಿನ ಜಾಡಿ ಹಿಡಿದು ಆಟೋದಿಂದ ಇಳಿದಳು.

ಬಟ್ಟೆ ಬಿಚ್ಚಿದರೆ ಜಾಡಿಯೊಳಗೆ ಕಂದು ನೀರು, ನೀರಿನ ಮೇಲೆ ಬೆಳ್ಳನೆಯ ದಪ್ಪ ಬಿಲ್ಲೆಯಂಥದ್ದೊಂದು ತೇಲುತ್ತಿತ್ತು. ಫಿನಾಯಿಲಮ್ಮ ಅದನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು.

"ಏನದು?"

"ಹೆಪ್ಪು."

"ಯಾವುದರ ಹೆಪ್ಪು?"

"ತೊಗಲಿನ ಹೆಪ್ಪು ಅಂದ್ಕೋ. ಸಕ್ಕರೆ ಹಾಕಿದ ಟೀ ನೀರಲ್ಲಿ ಬಿಟ್ರೆ ಮೇಲೆ ಕೆನೆ ಕಟ್ಟುತ್ತೆ. ಕೆನೆ ದಪ್ಪ ಆದ್ಮೇಲೆ ತೆಗೆದು ಒಣಗಿಸೋದು. ತೊಗಲಿನ ಥರಾನೇ ಹೊಲೀಬಹುದು. ಕಾರ್ಖಾನೇಲಿ ಮಾದರಿ ಮಾಡ್ತಿದ್ದ ಹುಡುಗಿ ಕಲಿಸಿಕೊಟ್ಲು."

"ಕೆನೆ ಕಟ್ಟೋದು ಯಾರು?"

"ಒಳಗಿರೋ ಜೀವಾಣು."

"ಅಂದ್ರೆ ಕ್ರಿಮಿ."

"ಕ್ರಿಮಿ ಅಂದ್ರೆ ಎಲ್ಲಾ ಕೆಟ್ಟದ್ದೇ ಏನು? ನೀನು ಮೊಸರು ತಿನ್ನಲ್ವಾ? ಅದರಲ್ಲಿ ಏನಿದೆ ಅಂದ್ಕೊಂಡಿದ್ದೀಯ?"

ಫಿನಾಯಿಲಮ್ಮ ಅವತ್ತಿನಿಂದ ಮೊಸರು ತಿನ್ನುವುದನ್ನು ಬಿಟ್ಟಳು.

ಮನೆ ದೊಡ್ಡದೇನೂ ಅಲ್ಲ. ಬೀದಿಗೊಂದು ಕೋಣೆ, ನಡುವೆ ಅಡುಗೆಮನೆ, ಹಿಂದೊಂದು ಕೋಣೆ, ಅದರಾಚೆ ತಗಡಿನ ಮಾಡು. ಬಚ್ಚಲು ಅಂಗಳದಲ್ಲಿ. ತಂಗಿ ಹಿಂದಿನ ಕೋಣೆ ಹಿಡಿದಳು. ತಿಂಗಳು ಕಳೆಯುವಷ್ಟರಲ್ಲಿ ಅಲ್ಲಿ ಬಟ್ಟೆ ಮುಚ್ಚಿದ ಅಗಲ ಟಬ್ಬುಗಳು ಸಾಲಾಗಿ ಕೂತವು. ಕೋಣೆಯ ಹುಳಿ ವಾಸನೆ ಅಡುಗೆಮನೆಗೆ ಬಂತು, ಅಲ್ಲಿಂದ ಬೀದಿ ಕೋಣೆಗೂ ಬಂತು. ಹಿಂದೆಯೇ ಸಣ್ಣ ಸಣ್ಣ ನೊಣಗಳೂ ಬಂದವು. ಫಿನಾಯಿಲಮ್ಮ ಹಿಂದಿನ ಕೋಣೆಯ ಹೊಸ್ತಿಲ ಉದ್ದಕ್ಕೂ ಬೆಳಿಗ್ಗೆ ಸಂಜೆ ಫಿನಾಯಿಲು ಸುರಿಯತೊಡಗಿದಳು. ತಂಗಿ ಅದನ್ನು ದಾಟಿ ಬರುವಾಗೆಲ್ಲ ಮೂಗು ಮುಚ್ಚಿಕೊಂಡು ಕೆಮ್ಮುತ್ತಿದ್ದಳು. ಬಾರದ ಕೆಮ್ಮನ್ನೂ ಕೆಮ್ಮುತ್ತಿದ್ದಳು.

"ನನ್ನ ಮನೇಲಿ ನಾನು ಕಳ್ಳಿ ಥರ ಓಡಾಡಬೇಕಾ?"

"ಕಳ್ಳಿ ಆಗಿದ್ರೆ ಒಳ್ಳೇದಿತ್ತು. ಏನಾದ್ರೂ ತಗೊಂಡು ಹೋಗ್ತಿದ್ದೆ. ನೀನು ತಂದು ಸುರೀತಿದ್ದೀಯ."

ಚಹಾ ಪುಡಿಯ ಡಬ್ಬಿಗಳು ಎರಡಾದವು, ಸಕ್ಕರೆ ಡಬ್ಬಿಗಳು ಎರಡಾದವು, ಕೊನೆಗೆ ಬೆಂಕಿಪೊಟ್ಟಣವೂ ಎರಡಾಯಿತು. ಒಂದೇ ಒಲೆಯ ಮೇಲೆ ಒಬ್ಬಳ ಪಾತ್ರೆ ಇಳಿದ ಮೇಲೆ ಇನ್ನೊಬ್ಬಳದು ಏರುತ್ತಿತ್ತು. ಮಾತು ಬೇಕಾದಾಗ ಇಬ್ಬರೂ ಗೋಡೆಗೆ ಹೇಳುತ್ತಿದ್ದರು. "ಯಾರೋ ನನ್ನ ಸೌಟು ಮುಟ್ಟಿದ್ದಾರೆ." "ಯಾರಿಗೋ ಮೈಯೆಲ್ಲ ಕಣ್ಣು."

ತಂಗಿಯ ಕೆಲಸ ಮಾತ್ರ ನಡೆಯಿತು. ದಪ್ಪಗೆ ಬೆಳೆದ ಹಾಳೆಯನ್ನು ಎರಡೂ ಕೈಯಿಂದ ಎತ್ತಿ, ಸೋಪು ನೀರಲ್ಲಿ ತೊಳೆದು, ಹಲಗೆಯ ಮೇಲೆ ಹರಡುತ್ತಿದ್ದಳು. ಒಣಗಿದ ಮೇಲೆ ಅದು ಜೇನು ಬಣ್ಣಕ್ಕೆ ತಿರುಗಿ ಕಾಗದದಷ್ಟು ತೆಳ್ಳಗಾಗುತ್ತಿತ್ತು. ಎಣ್ಣೆ, ಮೇಣ ಹಚ್ಚಿ ಉಜ್ಜಿದರೆ ಬಗ್ಗುತ್ತಿತ್ತು. ದೀಪಕ್ಕೆ ಹಾಕುವ ಮುಸುಕು, ಕನ್ನಡಕದ ಚೀಲ, ಮೇಜಿನ ಮೇಲೆ ಹಾಸುವ ಚೌಕಗಳು, ಸಣ್ಣ ಪರ್ಸು ಎಲ್ಲ ಹೊಲಿದಳು. ದೀಪದ ಮುಸುಕಂತೂ ನೋಡುವಂತಿತ್ತು. ಬೆಳಕು ಅದರೊಳಗಿಂದ ಹಾಯ್ದು ಬರುವಾಗ ಒಳಗಿನ ಎಳೆಗಳು ಎಲೆಯ ನರಗಳ ಹಾಗೆ ಕಾಣುತ್ತಿದ್ದವು. ಪೇಟೆಯ ಉಡುಗೊರೆ ಅಂಗಡಿಯವಳು ಮೊದಲು ಎರಡು ಇಟ್ಟುಕೊಂಡಳು, ಆಮೇಲೆ ಇನ್ನಷ್ಟು ಕೇಳಿದಳು.

ಒಂದೇ ಒಂದು ಸಲ ಆ ಮನೆಯಲ್ಲಿ ನಗು ಕೇಳಿಸಿತು. ತಂಗಿ ಧೈರ್ಯ ಮಾಡಿ ತನಗೇ ಒಂದು ಜೊತೆ ಚಪ್ಪಲಿ ಹೊಲಿದುಕೊಂಡಿದ್ದಳು. ಮರೆತು ಅದನ್ನೇ ಮೆಟ್ಟಿಕೊಂಡು ಬಚ್ಚಲಿಗೆ ಹೋದಳು. ನೀರು ಕುಡಿದ ಚಪ್ಪಲಿ ಉಬ್ಬಿ, ಲೋಳೆಯಾಗಿ, ಕಾಲಿನಿಂದ ಜಾರಿ ಮೋರಿಯ ಬಾಯಿಗೆ ಅಂಟಿಕೊಂಡಿತು. ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದ ಫಿನಾಯಿಲಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ತಂಗಿ ಬರಿಗಾಲಲ್ಲಿ ನಿಂತು, "ನಗು, ನಗು. ನಿನ್ನ ಬಾಳಲ್ಲಿ ನಗೋದಕ್ಕೆ ಇನ್ನೇನಿದೆ," ಅಂದಳು. ಅಲ್ಲಿಗೆ ನಗುವೂ ನಿಂತಿತು.

ಫಿನಾಯಿಲಮ್ಮ ಆರೋಗ್ಯ ಇಲಾಖೆಗೆ ದೂರು ಕೊಟ್ಟಳು. ಮನೆಯೊಳಗೆ ರೋಗದ ಕ್ರಿಮಿ ಸಾಕುತ್ತಿದ್ದಾರೆ, ಬೀದಿಗೇ ಅಪಾಯ ಎಂದು. ಇನ್‌ಸ್ಪೆಕ್ಟರು ಬಂದ. ಅವಳು ಇಸ್ತ್ರಿ ಮಾಡಿದ ಸೀರೆ ಉಟ್ಟು ಬಾಗಿಲಲ್ಲೇ ನಿಂತಿದ್ದಳು. ಅವನು ಹಿಂದಿನ ಕೋಣೆಗೆ ಹೋದ, ಬಟ್ಟೆ ಸರಿಸಿ ನೋಡಿದ, ಮೂಸಿದ, ತಂಗಿಯನ್ನು ಅದೂ ಇದೂ ಕೇಳಿದ. ಹೊರಗೆ ಬರುವಾಗ ಅವನ ಕೈಯಲ್ಲಿ ಒಂದು ಕನ್ನಡಕದ ಚೀಲವಿತ್ತು.

"ಏನೂ ತೊಂದರೆ ಇಲ್ಲಮ್ಮ. ವಿನೆಗರ್ ವಾಸನೆ ಅಷ್ಟೆ. ಕಿಟಕಿ ತೆಗೆದಿಡಿ."

"ಅಷ್ಟೇನಾ?"

"ಫಿನಾಯಿಲ್ ವಾಸನೇನೂ ಸ್ವಲ್ಪ ಜಾಸ್ತಿ ಇದೆ. ಅದನ್ನ ಕಡಿಮೆ ಮಾಡಿ. ಶ್ವಾಸಕೋಶಕ್ಕೆ ಒಳ್ಳೇದಲ್ಲ."

ಬಾಗಿಲ ಹಿಂದೆ ನಿಂತ ತಂಗಿ ಅವತ್ತು ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು. ಇನ್‌ಸ್ಪೆಕ್ಟರು ಬೀದಿ ತಿರುವು ದಾಟುವುದನ್ನೇ ಕಾದು, ಅಕ್ಕನ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಒಡಹುಟ್ಟಿದವಳ ಮೇಲೆ ದೂರು ಕೊಡೋಕೆ ಯಾವ ಸೀರೆ ಉಡಬೇಕು ಅಂತ ಯೋಚನೆ ಮಾಡಿದ್ದೀಯಲ್ಲ. ಹೊಟ್ಟೆಗೆ ಏನು ತಿಂತೀಯ ನೀನು?"

ಇದಾದ ಕೆಲವು ವಾರಗಳಿಗೆ ಟಬ್ಬುಗಳಲ್ಲಿ ಬೂಷ್ಟು ಬಂತು. ಬೆಳ್ಳನೆಯ ಹಾಳೆಯ ಮೇಲೆ ಹಸಿರು ಚುಕ್ಕೆಗಳು, ಚುಕ್ಕೆಗಳ ಮೇಲೆ ನವಿರಾದ ತುಪ್ಪಳ. ಮೊದಲು ಒಂದು ಟಬ್ಬು, ಆಮೇಲೆ ಅದರ ಪಕ್ಕದ್ದು. ಅಂಗಡಿಯವಳು ಒಟ್ಟಿಗೆ ತುಂಬಾ ಸಾಮಾನು ಕೇಳಿದ್ದ ಹೊತ್ತು ಅದು. ತಂಗಿ ಎರಡೂ ಟಬ್ಬನ್ನು ಮೋರಿಗೆ ಸುರಿದು, ನೇರವಾಗಿ ಬೀದಿ ಕೋಣೆಗೆ ಬಂದಳು. ಫಿನಾಯಿಲಮ್ಮ ದಿಂಬಿನ ಚೀಲಕ್ಕೆ ಗುಂಡಿ ಹಾಕುತ್ತಿದ್ದಳು.

"ಏನು ಹಾಕಿದೆ?"

"ಯಾವುದಕ್ಕೆ?"

"ನಾಟಕ ಬೇಡ. ನನ್ನ ಟಬ್ಬಿಗೆ ಏನು ಹಾಕಿದೆ ಹೇಳು."

"ನಾನು ಆ ಕೋಣೆಗೆ ಕಾಲೇ ಇಟ್ಟಿಲ್ಲ."

"ಇಷ್ಟು ದಿನ ಬರದ ಬೂಷ್ಟು ಇನ್‌ಸ್ಪೆಕ್ಟರು ಬಂದುಹೋದ ಮೇಲೆ ಹೇಗೆ ಬಂತು? ದೂರು ಕೊಟ್ಟೆ, ನಡೀಲಿಲ್ಲ. ಅದಕ್ಕೆ ಇದು. ನೀನಲ್ಲದೆ ಇನ್ಯಾರು ಮಾಡ್ತಾರೆ?"

ಫಿನಾಯಿಲಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಆ ಟಬ್ಬುಗಳು ಹಾಳಾಗಲಿ ಎಂದು ಅವಳು ಬಯಸಿದ್ದು ಒಂದೆರಡು ಸಲವಲ್ಲ. ಬಾಟಲಿ ಹಿಡಿದು ಆ ಹೊಸ್ತಿಲವರೆಗೆ ಹೋಗಿ ವಾಪಸು ಬಂದದ್ದೂ ಇತ್ತು. ಆದರೆ ಹಾಕಿರಲಿಲ್ಲ. ವಿಚಾರಣೆಯಲ್ಲಿ ಮೇಜಿನ ಈ ಕಡೆ ನಿಲ್ಲಿಸಿ ಕೇಳಿದ ಪ್ರಶ್ನೆ ಮತ್ತೆ ಕಿವಿಗೆ ಬಿದ್ದಂತಾಯಿತು. ಅಂದು ಅವಳು ಉತ್ತರ ಹುಡುಕಲು ಹೋಗಿರಲಿಲ್ಲ, ತಲೆ ತಗ್ಗಿಸಿ ಮನೆಗೆ ಬಂದಿದ್ದಳು. ಇಂದು ಎದ್ದು ನಿಂತಳು.

"ಬಾ," ಅಂದಳು.

ತಂಗಿ ಬಂದ ಮೇಲೆ ಹಿಂದಿನ ಕೋಣೆಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಟಬ್ಬುಗಳನ್ನು ಮುಟ್ಟಲಿಲ್ಲ. ಮೂಲೆ ಮೂಲೆ ನೋಡಿದಳು, ಹಲಗೆ ಮಗುಚಿ ನೋಡಿದಳು, ಕಿಟಕಿಯ ಕಂಬಿಗೆ ಬೆರಳೆಳೆದಳು. ಟಬ್ಬಿಗೆ ಮುಚ್ಚುವ ಬಟ್ಟೆಗಳನ್ನು ಎಲ್ಲಿಡುತ್ತೀಯ ಎಂದು ಕೇಳಿದಳು. ತಂಗಿ ಮಂಚದ ಕೆಳಗಿನ ತಗಡಿನ ಪೆಟ್ಟಿಗೆ ತೋರಿಸಿದಳು. ಮುಚ್ಚಳ ತೆರೆದ ಕೂಡಲೇ ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಸರಿಯಾಗಿ ಒಣಗದೆಯೇ ಮಡಚಿಟ್ಟ ಬಟ್ಟೆಗಳು. ಫಿನಾಯಿಲಮ್ಮ ಒಂದನ್ನು ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು ಬಿಡಿಸಿದಳು. ಮಡಿಕೆ ಮಡಿಕೆಯಲ್ಲೂ ಅದೇ ಹಸಿರು.

"ನೋಡು. ಕಣ್ಣು ಬಿಟ್ಟು ನೋಡು. ಹಾಕಿದ್ದು ಯಾರು?"

ತಂಗಿ ನೋಡಿದಳು. ಅವಳಿಗೆ ಅರ್ಥವಾಯಿತು ಎಂಬುದು ಅವಳ ಕಿವಿ ಕೆಂಪಾದದ್ದರಲ್ಲೇ ಗೊತ್ತಾಗುತ್ತಿತ್ತು. ತಪ್ಪಾಯಿತು ಎಂದು ಒಂದು ಮಾತು ಹೇಳಿದ್ದರೆ ಬಹುಶಃ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಅವಳು ಬಟ್ಟೆಯನ್ನು ಅಕ್ಕನ ಕೈಯಿಂದ ಕಿತ್ತುಕೊಂಡು, ಬಕೆಟ್ಟಿಗೆ ಎಸೆದು, "ಇದೊಂದು ಸಲ ನೀನಲ್ಲ, ಅಷ್ಟೇ ತಾನೆ," ಅಂದಳು.

ಫಿನಾಯಿಲಮ್ಮ ಕೋಣೆಯಿಂದ ಹೊರಟಳು. ತಂಗಿ ಪೆಟ್ಟಿಗೆ ಖಾಲಿ ಮಾಡುತ್ತಾ ಕೂತಳು. ಸ್ವಲ್ಪ ಹೊತ್ತಿಗೆ ಅಕ್ಕ ಹಿಂತಿರುಗಿ ಬಂದಾಗ ಕೈಯಲ್ಲಿ ಹೊಸ ಫಿನಾಯಿಲಿನ ಡಬ್ಬಿಯಿತ್ತು. ಮುಚ್ಚಳವನ್ನು ತಂಗಿಯ ಎದುರಿಗೇ ತಿರುವಿ ತೆಗೆದಳು. ಉಳಿದಿದ್ದ ಎರಡು ಒಳ್ಳೆಯ ಟಬ್ಬುಗಳಲ್ಲಿ ಒಂದರ ಬಟ್ಟೆ ಸರಿಸಿ, ಅಂಚಿನಿಂದ ಅಂಚಿಗೆ, ವಾರ್ಡಿನ ನೆಲಕ್ಕೆ ಸುರಿಯುತ್ತಿದ್ದ ಹಾಗೆಯೇ ನಿಧಾನವಾಗಿ ಸುರಿದಳು. ಹಾಲಿನಂಥ ಬಿಳುಪು ಹಾಳೆಯ ಮೇಲೆ ಹರಡಿತು. ಎರಡನೆಯದಕ್ಕೂ ಸುರಿದಳು. ಶೆಲ್ಫಿನ ಮೇಲಿದ್ದ ಮೂಲ ಹೆಪ್ಪಿನ ಗಾಜಿನ ಜಾಡಿಯ ಬಾಯಿ ಬಿಚ್ಚಿ, ಉಳಿದದ್ದನ್ನು ಅದರೊಳಗೆ ಬಗ್ಗಿಸಿದಳು. ತಂಗಿ ಕೂತಲ್ಲೇ ಕೂತಿದ್ದಳು.

"ಈಗ ಹೇಳು," ಅಂದಳು ಫಿನಾಯಿಲಮ್ಮ. "ಈಗ ನಾನೇ ಹಾಕಿದ್ದು. ಬೀದಿಗೆಲ್ಲ ಹೇಳ್ಕೊಂಡು ಬಾ. ಈಗ ಹೇಳಿದ್ರೆ ಸುಳ್ಳಾಗಲ್ಲ."

ತಂಗಿ ಅಳಲಿಲ್ಲ. ಎದ್ದು ಬೀದಿ ಕೋಣೆಗೆ ಹೋಗಿ, ಅಕ್ಕನ ಹಾಸಿಗೆಯ ಮೇಲಿನ ಬಿಳಿ ಹೊದಿಕೆಗಳನ್ನು ಎಳೆದು ತಂದಳು. ವಾರಕ್ಕೊಮ್ಮೆ ಕುದಿಸಿ, ನೀಲಿ ಹಾಕಿ, ಮಡಿಕೆ ಬೀಳದಂತೆ ಒಣಗಿಸಿದ ಹೊದಿಕೆಗಳು. ಅವನ್ನು ಟಬ್ಬಿನೊಳಗೆ ಅದ್ದಿ ನೆಲ ಒರೆಸಿದಳು, ಹೊಸ್ತಿಲು ಒರೆಸಿದಳು, ಕೊನೆಗೆ ತನ್ನ ಪಾದ ಒರೆಸಿಕೊಂಡಳು. ಕಂದು ಚಹಾ, ಲೋಳೆ, ಫಿನಾಯಿಲು ಎಲ್ಲ ಕುಡಿದ ಬಟ್ಟೆಗಳನ್ನು ಉಂಡೆ ಮಾಡಿ ಅಕ್ಕನ ದಿಂಬಿನ ಮೇಲೆ ಇಟ್ಟಳು.

ಗಾರೆಯವನು ಮರುವಾರವೇ ಬಂದ. ಯಾರು ಕರೆಸಿದರು ಎಂಬುದಕ್ಕೆ ಮಾತ್ರ ಜಗಳವಿರಲಿಲ್ಲ, ಇಬ್ಬರೂ ಬೇರೆ ಬೇರೆಯಾಗಿ ಕರೆದಿದ್ದರು. ಅಡುಗೆಮನೆಯ ಹಿಂಭಾಗಕ್ಕೆ ಗೋಡೆ ಎದ್ದಿತು. ಗೋಡೆ ಒಂದು ಇಟ್ಟಿಗೆಯಷ್ಟು ಆ ಕಡೆ ಹೋಯಿತು, ಈ ಕಡೆ ಬಂತು ಎಂದು ಇಬ್ಬರೂ ಸೇರಿ ಅವನ ಜೀವ ತಿಂದರು. "ಇಂಥ ಗೋಡೆ ನಾನು ಜೈಲಿಗೂ ಕಟ್ಟಿಲ್ಲ," ಎಂದು ಅವನು ಬೀದಿಯಲ್ಲಿ ಹೇಳಿಕೊಂಡ. ತಂಗಿಗೆ ಹಿಂದಿನ ಕೋಣೆ, ತಗಡಿನ ಮಾಡು, ಪಕ್ಕದ ಸಂದಿಯಿಂದ ಬರುವ ದಾರಿ. ಅಕ್ಕನಿಗೆ ಬೀದಿ ಕೋಣೆ ಮತ್ತು ಅಡುಗೆಮನೆ. ಅಂಗಳದ ಬಚ್ಚಲನ್ನು ಮಾತ್ರ ಸೀಳಲಾಗಲಿಲ್ಲ.

ತಂಗಿಯ ಯಂತ್ರದ ಸದ್ದು ನಿಂತುಹೋಗಿತ್ತು. ಹೆಪ್ಪು ಸತ್ತ ಮೇಲೆ ಹೊಲಿಯಲು ಹಾಳೆ ಎಲ್ಲಿಂದ ಬರಬೇಕು? ಅವಳು ಬೇರೆಯವರ ಪರದೆ, ದಿಂಬಿನ ಚೀಲ ಹೊಲಿದು ದಿನ ದೂಡಿದಳು. ಫಿನಾಯಿಲಮ್ಮನ ಅರ್ಧ ಮನೆಯಲ್ಲಿ ಈಗ ನೊಣವಿಲ್ಲ, ಹುಳಿ ವಾಸನೆಯಿಲ್ಲ. ಪಕ್ಕದ ಮನೆಯ ಟೀಚರು ಒಮ್ಮೆ ಧೈರ್ಯ ಮಾಡಿ, "ಅಷ್ಟು ಮಾಡಬಾರದಿತ್ತಲ್ವಾ ಅಮ್ಮ?" ಅಂದಾಗ ಅವಳು ಹೇಳಿದ್ದು ಇಷ್ಟು: "ಟಬ್ಬಿಗೆ ಹಾಕಿದ್ದು ಸರಿ. ಜಾಡಿ ಬಿಡಬೇಕಾಗಿತ್ತು."

ಒಂದು ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಉಡುಗೊರೆ ಅಂಗಡಿಯವಳು ನಿಂತಿದ್ದಳು. ಗೋಡೆಯ ಸಂಗತಿ ಅವಳಿಗೆ ಗೊತ್ತಿರಲಿಲ್ಲ. ಗಿರಾಕಿಗಳಿಗೆ ತೋರಿಸಲು ಎಂದು ಹಿಂದೆ ಯಾವಾಗಲೋ ಒಂದು ತುಂಡು ಹೆಪ್ಪು ಇಸಿದುಕೊಂಡು ಹೋಗಿ, ಅಂಗಡಿಯ ಕಪಾಟಿನಲ್ಲಿ ಬೆಳೆಸಿದ್ದಳಂತೆ. ತಂಗಿಯ ಹೆಪ್ಪು ಹಾಳಾಯಿತೆಂದು ಕೇಳಿ ಅದನ್ನೀಗ ವಾಪಸು ತಂದಿದ್ದಳು. "ನಿಮ್ಮ ತಂಗಿಗೆ ಕೊಟ್ಟುಬಿಡಿ, ಅಂಗಡಿ ತೆಗೆಯೋ ಹೊತ್ತಾಯ್ತು," ಎಂದು ಜಾಡಿಯನ್ನು ಫಿನಾಯಿಲಮ್ಮನ ಕೈಗಿತ್ತು, ಇಳಿದು ಹೋಗಿಯೇಬಿಟ್ಟಳು.

ಜಾಡಿ ಬೆಚ್ಚಗಿತ್ತು. ಫಿನಾಯಿಲಮ್ಮ ಅದನ್ನು ಮೈಯಿಂದ ದೂರ ಹಿಡಿದುಕೊಂಡು ಒಳಗೆ ಬಂದು ಮೇಜಿನ ಮೇಲಿಟ್ಟಳು. ಒಳಗಿನ ಬಿಲ್ಲೆ ಒಮ್ಮೆ ಅಲುಗಿ ನಿಂತಿತು. ಮೇಜಿನ ಕೆಳಗೇ ಅವಳ ಡಬ್ಬಿಗಳ ಸಾಲಿತ್ತು. ಅವಳು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಹೊಸ ಗೋಡೆಯ ಹತ್ತಿರ ಹೋಗಿ ಅಂಗೈಯಿಂದ ಬಡಿದಳು.

"ಏಯ್! ನಿನ್ನ ಕೊಳೆ ನನ್ನ ಮನೆಗೆ ಬಂದಿದೆ. ಬಂದು ಎತ್ಕೊಂಡು ಹೋಗು. ಈಗಲೇ."

ತಂಗಿ ಸಂದಿ ಸುತ್ತಿ ಬಂದಳು. ಜಗಳವಾದ ಮೇಲೆ ಆ ಬಾಗಿಲಿಗೆ ಬಂದದ್ದು ಅದೇ ಮೊದಲು. ಒಳಗೆ ಬರದೆ ಹೊಸ್ತಿಲಲ್ಲೇ ನಿಂತು, ಮೇಜಿನ ಮೇಲಿನ ಜಾಡಿಯನ್ನೂ, ಮೇಜಿನ ಕೆಳಗಿನ ಡಬ್ಬಿಗಳನ್ನೂ, ಅಕ್ಕನ ಮುಖವನ್ನೂ ನೋಡಿದಳು.

"ಏನೂ ಹಾಕಿಲ್ಲ ತಾನೆ?"

"ಹಾಕೋದಾದ್ರೆ ನಿನ್ನ ಕಣ್ಣೆದುರಿಗೇ ಹಾಕ್ತೀನಿ. ಬೆನ್ನ ಹಿಂದೆ ಹಾಕೋಳಲ್ಲ ನಾನು. ಗೊತ್ತಿಲ್ವಾ ನಿನಗೆ?"

ತಂಗಿ ಹೊಸ್ತಿಲು ದಾಟಿ ಒಳಗೆ ಬಂದಳು.

"ಗೊತ್ತು," ಅಂದಳು.

ಜಾಡಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋದಳು. ಫಿನಾಯಿಲಮ್ಮ ಅವಳು ಸಂದಿ ತಿರುಗುವ ತನಕ ಬಾಗಿಲಲ್ಲಿ ನಿಂತಿದ್ದು, ಆಮೇಲೆ ಒಳಗೆ ಬಂದು ಮೇಜು ಒರೆಸಿದಳು.

ಈಗ ಗೋಡೆಯ ಆ ಕಡೆ ಯಂತ್ರ ಮತ್ತೆ ಓಡುತ್ತಿದೆ. ಜೊತೆಗೆ ಕೆಲಸಕ್ಕೆ ಇನ್ನಿಬ್ಬರು ಹೆಂಗಸರೂ ಬರುತ್ತಾರೆ. ಹುಳಿ ವಾಸನೆ ಗೋಡೆಯ ಮೇಲಿಂದಲೇ ಇಳಿದು ಬರುತ್ತದೆ. ಅಕ್ಕತಂಗಿ ರಾಜಿಯಾದರಂತೆ ಎಂದು ಬೀದಿಯಲ್ಲಿ ಸುದ್ದಿ ಹಬ್ಬಿತ್ತು. ಟೀಚರು ಅದನ್ನು ಕೇಳಿಯೇಬಿಟ್ಟಳು.

"ರಾಜಿನಾ? ನಮ್ಮಿಬ್ಬರಿಗಾ?" ಫಿನಾಯಿಲಮ್ಮ ಪೊರಕೆಯ ಹಿಡಿಯಿಂದ ಅಂಗಳದ ಕಡೆ ತೋರಿಸಿದಳು. "ಇವತ್ತೂ ಬಚ್ಚಲ ತುಂಬ ಕೂದಲು ಬಿಟ್ಟು ಹೋಗಿದ್ದಾಳೆ. ಹೋಗಿ ನೋಡಿ ಬನ್ನಿ."